ಹಿಮಕ್ಕೆ ಮರ್ಯಾದೆ, ಕೆಸರಿಗೆ ಬೈಗುಳ

೨೦೦೧ರಲ್ಲಿ ನಾನು ಏಳನೇ ಇಯತ್ತೆಯ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ಕುರಿಗಳ ಹಿಂದೆ ನಡೆದೆ. ಆ ಚೀಲದಿಂದ ನನ್ನ ಜೊತೆ ಬಂದದ್ದು ಸ್ಟೀಲಿನ ಫೂಟಪಟ್ಟಿಯೊಂದೇ. ಗೆರೆ ಎಳೆಯುವ ಭಾಗ್ಯ ಅದಕ್ಕೆ ಮತ್ತೆ ಸಿಗಲಿಲ್ಲ; ಆದರೆ ಕುರಿಯ ಗೊರಸಿನ ಸಂದಿಗೆ ಮೆತ್ತಿದ ಎರೆಮಣ್ಣು ಕೆರೆಯಲು ಅದಕ್ಕಿಂತ ಒಳ್ಳೆಯ ಆಯುಧ ಚಿಕ್ಕೋಡಿ ಸಂತೆಯಲ್ಲೂ ಇಲ್ಲ.

ಎರೆಮಣ್ಣು, ಸ್ನೇಹಿತರೆ, ಒಣಗಿದ್ದಾಗ ಬಹಳ ಸಂಭಾವಿತ. ನೆನೆದರೆ ಹಿಡಿದ ಕಾಲು ಬಿಡುವುದಿಲ್ಲ. ಗೊರಸು ಕೊಳೆತ ಕುರಿ ನಡೆಯಲಾರದು, ನಡೆಯದ ಕುರಿ ಮೇಯಲಾರದು. ಅದಕ್ಕೇ ಮಳೆ ಬಲಿಯುವ ಮೊದಲು ನಾವು ಕರೋಶಿ, ಕಬ್ಬೂರ ಬಿಟ್ಟು, ಕೃಷ್ಣಾ ದಾಟಿ, ನಮ್ಮ ಜಿಲ್ಲೆಯದೇ ಆದ ಅನಂತಪುರದ ಕಡೆಯ ಕಲ್ಲುನೆಲ ಸೇರುತ್ತೇವೆ. ನೆಲ ಆರಿದ ಮೇಲೆ ಅದೇ ದಾರಿಯಲ್ಲಿ ಮರಳುತ್ತೇವೆ. ಊರಿನ ದೊಡ್ಡವರು ಇದಕ್ಕೆ ದಯಪಾಲಿಸಿದ ಹೆಸರು, ನೆಲೆಗೆಟ್ಟ ತಿರುಗಾಟ.

ಒಂದು ಮುಂಗಾರಿನಲ್ಲಿ ಕಬ್ಬೂರಿನ ಅಣ್ಣಾಸಾಬ ಗೌಡರ ಹೊಲದಲ್ಲಿ ಕುರಿ ತರುಬಿದ್ದೆವು. ರಾತ್ರಿ ಹಿಂಡು ಹೊಲದಲ್ಲಿ ಮಲಗಿದರೆ ಗೊಬ್ಬರ ಅವರಿಗೆ, ಜೋಳ ನಮಗೆ. ಮಾತಾಡಿದ ದಿನಗಳು ಮುಗಿಯುವ ಮೊದಲೇ ಮಳೆ ಹಿಡಿಯಿತು. ಹಿಂಡಿನಲ್ಲಿ ಆಗಷ್ಟೇ ಹುಟ್ಟಿದ ಮರಿಗಳಿದ್ದವು; ಹೊಟ್ಟೆಯವರೆಗೆ ಹೂತು ಒದರುತ್ತಿದ್ದವು. ಹೊರಡುತ್ತೇವೆಂದು ಹೇಳಲು ಹೋದರೆ, ಗೌಡರು ಹೊಸ ಟಿವಿಯ ಮುಂದೆ ಧ್ಯಾನಸ್ಥರಾಗಿದ್ದರು.

“ಬಾರೋ ಮಾಯಪ್ಪಾ, ಮೂಸ್ ಅಂತ, ನೋಡ ಇದು. ಎಮ್ಮಿಕಿಂತ ಎತ್ತರದ ಕಡವಿ!”

ಹಿಮ ಎದೆಮಟ್ಟ ಏರಿದರೆ ಮೂಸಿಗೆ ಹೆಜ್ಜೆ ಕೀಳುವುದೇ ಕಷ್ಟವಂತೆ. ಅದಕ್ಕೇ ಹಿಮ ತೆಳುವಾಗಿರುವ ಕಣಿವೆಗೆ ಇಳಿಯುತ್ತವಂತೆ. ಹಿಮ ತಡವಾದರೆ ಅವೂ ತಡ. ಕರಗಿದರೆ ಮತ್ತೆ ಮೇಲಕ್ಕೆ. ಕರುವಿರುವ ತಾಯಿಗೆ ಅವಸರ ಹೆಚ್ಚು. ಗೌಡರು ತೊಡೆ ತಟ್ಟಿದರು: “ಎಂಥಾ ಶಾಣ್ಯಾ ಪ್ರಾಣಿ ಐತ್ಲೇ!”

“ನಾವೂ ಮುಂಜಾನಿ ಹೊಂಡ್ತೀವ್ರಿ, ಗೌಡ್ರ.”

“ಹುಚ್ಚ ಹಿಡದೈತೇನ್ಲೇ? ಮಾತಂದ್ರ ಮಾತು. ಇನ್ನೆರಡ ದಿನಾ ತರಬಬೇಕು. ಊರಿಲ್ಲ, ಕೇರಿಲ್ಲ, ಮಳಿ ಕಂಡ್ರ ಓಡೂದೊಂದ ಗೊತ್ತು ನಿಮಗ!”

ಬಾಗಿಲಲ್ಲಿ ಒದ್ದೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದ ನನ್ನ ಹೆಂಡತಿ ಲಕ್ಕವ್ವ ಅಂದಳು: “ಹಂಗಾರ ಆ ಮೂಸಕ್ಕೂ ಹೇಳ್ರೆಲಾ, ಇನ್ನೆರಡ ದಿನಾ ಹಿಮದಾಗ ನಿಂದ್ರ ಅಂತ. ನಿಮ್ಮ ಜ್ವಾಳಾ ನೀವ ಇಟಗೊಳ್ರಿ. ನನ್ನ ಮರಿ ನಾ ಒಯ್ತೀನಿ.”

ಬೆಳಿಗ್ಗೆ ಮರಿಯಿರುವ ಕುರಿಗಳನ್ನು ಮುಂದೆ ಬಿಟ್ಟು ಹೊರಟೆವು. ತಡೆಯಲು ಬಂದ ಗೌಡರ ಒಂದು ಚಪ್ಪಲಿಯನ್ನು ಅವರದೇ ಹೊಲ ನುಂಗಿತು. ಮುಂದಿನ ಹೆಜ್ಜೆಗೆ ಇನ್ನೊಂದನ್ನೂ. ಗೌಡರು ಬರಿಗಾಲಲ್ಲೇ ಬಗ್ಗಿದರು. ಪಕ್ಕದಲ್ಲೇ ಹೂತು ಒದರುತ್ತಿದ್ದ ಮರಿಯನ್ನು ಕಿತ್ತು ಬಗಲಲ್ಲಿಟ್ಟುಕೊಂಡು, ಡಾಂಬರು ರಸ್ತೆಯವರೆಗೆ ತಂದು ಇಳಿಸಿದರು.

“ಹೋಗ್ರಿ ಹೋಗ್ರಿ, ದೊಡ್ಡ ಮೂಸ್ ಅದೀರಿ!”

ಹಿಮದಿಂದ ಕಾಲ್ತೆಗೆದರೆ ಜಾಣತನ, ಕೆಸರಿನಿಂದ ಕಾಲ್ತೆಗೆದರೆ ನೆಲೆಗೇಡಿತನ. ಮೂಸಿಗೆ ಒಂದು ಅನುಕೂಲವಿದೆ, ಯಾವೂರೆಂದು ಅದನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ, ಹಾಗಾಗಿ ಹೇಳಿಬಿಡುತ್ತೇನೆ. ಈಗ ನನಗಿರುವುದು: ಕುರಿ ನೂರಾ ನಲವತ್ತು, ನಾಯಿ ಎರಡು, ಕುದುರೆ ಒಂದು, ಅಂಕಿ ಸವೆದ ಫೂಟಪಟ್ಟಿ ಒಂದು. ಊರು ಎರಡು, ನೆಲ ನೆನೆದಾಗ ಒಂದು, ಆರಿದಾಗ ಒಂದು.