ಎಡ್ನಾ ಎತ್ತಿಕೊಡದ ಮಾತು

ಎಡ್ನಾ ಹೋಲ್ರಾಯ್ಡ್ ಹೆಸರು ಯಾವ ನಾಟಕದ ಭಿತ್ತಿಪತ್ರದಲ್ಲೂ ಬಂದದ್ದಿಲ್ಲ. ನಲವತ್ತೊಂದು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ. ರಂಗದ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ನಾಟಕದ ಪ್ರತಿ ಹರಡಿಕೊಂಡು, ನಟರು ತಡವರಿಸಿದಾಗ ಮುಂದಿನ ಮಾತು ಎತ್ತಿಕೊಡುವುದು. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗದ, ತಪ್ಪಿದರೆ ಊರಿಗೆಲ್ಲ ಗೊತ್ತಾಗುವ ಕೆಲಸ.

ಹ್ಯಾಲಿಫ್ಯಾಕ್ಸ್‌ನ ಪುಟ್ಟ ನಾಟಕ ಕಂಪನಿಗೆ ಸೇರಿದಾಗ ಅವಳಿಗೆ ಹತ್ತೊಂಬತ್ತು. ವಾರಕ್ಕೊಂದು ಹೊಸ ನಾಟಕ. ಮಾತು ಮರೆಯದ ನಟನೇ ಇರಲಿಲ್ಲ. ಉಣ್ಣೆ ಗಿರಣಿ ಬಿಟ್ಟು ಬಂದಿದ್ದ ಲಯನಲ್ ಆಂಬ್ಲರ್ ಎಂಬ ಉದ್ದಕಾಲಿನ ಯುವಕ ಒಂದು ಸಂಜೆ ನಡುರಂಗದಲ್ಲಿ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟ. ಎಡ್ನಾ ಗಾಬರಿಯಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟಿದ್ದಳು. ಸಾಲು ಸಿಗುವಷ್ಟರಲ್ಲಿ ಅವನಿಗೇ ನೆನಪಾಯಿತು. ಆಂಬ್ಲರನ ಮೌನ ಮೈ ನವಿರೇಳಿಸಿತು ಎಂದು ಮರುದಿನ ಪತ್ರಿಕೆ ಬರೆಯಿತು.

"ನೋಡಿದ್ಯೇನೇ ಎಡ್ನಾ? ಮರೆತಿದ್ದಕ್ಕೂ ಚಪ್ಪಾಳೆ!" ಲಯನಲ್ ಚಹಾ ಚೆಲ್ಲುವಷ್ಟು ನಕ್ಕ.

"ಬಾಯಿ ಮುಚ್ಕೊಂಡು ಕುಡಿಯೋ. ನಾಳೆನೂ ಮರೆತ್ರೆ ಮೊಟ್ಟೆ ಬೀಳತ್ತೆ."

ಮೊಟ್ಟೆ ಬೀಳಲಿಲ್ಲ. ಆ ಮೌನವೇ ಅವನ ಹೆಸರಾಯಿತು. ಲಂಡನ್ ಕರೆಯಿತು, ಸಿನಿಮಾ ಬಂತು, ರಾಣಿಯ ಕೈಯಿಂದ 'ಸರ್' ಬಿರುದೂ ಬಂತು. ಸಿನಿಮಾದಲ್ಲಿ ಮರೆತರೆ ಇನ್ನೊಮ್ಮೆ ಮಾಡಬಹುದು. ನಾಟಕಕ್ಕೆ ಮಾತ್ರ ಎಡ್ನಾ ಬೇಕೇ ಬೇಕು ಎಂದು ಕರಾರಿನಲ್ಲೇ ಬರೆಸುತ್ತಿದ್ದ. ಅವನ ಮೌನಗಳಲ್ಲಿ ಬೇಕೆಂದೇ ತಡೆದದ್ದು ಯಾವುದು, ಮರೆತು ನಿಂತದ್ದು ಯಾವುದು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಒಮ್ಮೆ ಅವಳೂ ಎಡವಿ, ಮೌನದ ನಡುವೆ ಮಾತು ಎತ್ತಿಕೊಟ್ಟಳು. ಸಭಿಕರು ನಕ್ಕರು. ಮಹಾಶಯ ಮೂರು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಬಂದು ಹೇಳಿದ: "ಮರೆತಿದ್ರೆ ಬಲಗೈಲಿ ಕೋಟಿನ ಗುಂಡಿ ಮುಟ್ತೀನಿ. ಮುಟ್ಟದೇ ಇದ್ರೆ ನೀನು ಉಸಿರೆತ್ತಬೇಡ. ಚಾವಣಿನೇ ಕಳಚಿಬಿದ್ರೂ."

ಹದಿನಾರು ವರ್ಷ ಆ ಮಾತು ನಡೆಯಿತು.

ಅವನಿಗೆ ಅರವತ್ಮೂರಾದ ವರ್ಷ, ಒಂದು ಬುಧವಾರ ಮಧ್ಯಾಹ್ನದ ಪ್ರದರ್ಶನ. ಲಯನಲ್ ಮುದಿ ನ್ಯಾಯಾಧೀಶನ ಪಾತ್ರದಲ್ಲಿ ತೀರ್ಪು ಓದಲು ಎದ್ದ; ನಿಂತ. ಅಲ್ಲಿ ಆರು ಉಸಿರಿನ ಮೌನವೆಂದು ಎಡ್ನಾಳ ಪೆನ್ಸಿಲ್ ಗುರುತಿತ್ತು. ಆರಾಯಿತು, ಹನ್ನೆರಡಾಯಿತು, ಇಪ್ಪತ್ತಾಯಿತು. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಅವನ ಕಣ್ಣು ಮೆಲ್ಲನೆ ಪರದೆಯ ಕಡೆ ತಿರುಗಿತು. ಇಷ್ಟು ವರ್ಷದಲ್ಲಿ ಎಂದೂ ಅವನು ಆ ಕಡೆ ನೋಡಿದವನಲ್ಲ. ಮುಂದಿನ ಮಾತು ಎಡ್ನಾಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಲಗೈ ಜೋತುಬಿದ್ದೇ ಇತ್ತು, ಗುಂಡಿ ಮುಟ್ಟಲಿಲ್ಲ. ಅವಳು ಬಾಯಿ ಬಿಡಲಿಲ್ಲ.

ಅವನು ಕುಸಿದ. ಪರದೆ ಇಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪಾರ್ಶ್ವವಾಯು ಎಂದರು ಡಾಕ್ಟರು. ಬಲಭಾಗ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಒಂದು ನಿಮಿಷ ಮೊದಲು ಗೊತ್ತಾಗಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದೂ ಹೇಳಿದರು. ಎಡ್ನಾಗೆ ಅದು ಸಮಾಧಾನವೇ ಅಲ್ಲ. ಅವನು ಅವಳನ್ನು ಕರೆದಿದ್ದ, ಅವಳು ಓಗೊಡಲಿಲ್ಲ. ಅಷ್ಟೇ ಅವಳ ಲೆಕ್ಕ. ಪತ್ರಿಕೆಗಳು ಅವನ ಆ ಕೊನೆಯ ಮೌನವನ್ನು ಹಾಡಿ ಹೊಗಳಿದವು. ಅವಳು ಒಂದನ್ನೂ ಓದಲಿಲ್ಲ.

ದಿನಾ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅವನು ಎಡಗೈಯಿಂದ ಅವಳ ತೋಳು ಹಿಡಿದು ಬಾಯಿ ತೆರೆದ. ಏನೋ ಹೇಳಬೇಕಾಗಿತ್ತು.

"ನೀರು ಬೇಕಾ?"

ತಲೆಯಾಡಿಸಿದ, ಅಲ್ಲ.

"ನಿನ್ನ ಮಗಳನ್ನ ಕರೆಸ್ಲಾ? ಕಿಟಕಿ ತೆಗೀಲಾ?"

ಅಲ್ಲ.

ಎಡ್ನಾಗೆ ದುಃಖ ಒತ್ತರಿಸಿ ಬಂತು. "ಬೈತಿದೀಯಾ? ಬೈಯೋ. ನೀನು ನನ್ನ ಕಡೆ ನೋಡಿದ್ದು ಕಂಡಿತ್ತು ಲಯನಲ್. ಕಂಡೂ ಸುಮ್ನಿದ್ದೆ. ತಪ್ಪಾಯ್ತಪ್ಪ."

ಅದೂ ಅಲ್ಲವೆಂದ. ಕಣ್ಣು ತುಂಬಿತ್ತು, ಹಿಡಿದ ತೋಳು ಬಿಡದೆ ಅವಳ ತುಟಿಯನ್ನೇ ನೋಡುತ್ತಿದ್ದ. ನೂರಾರು ನಾಟಕಗಳ ಅವನ ಮಾತೆಲ್ಲ ಅವಳಿಗೆ ಬಾಯಿಪಾಠವಾಗಿತ್ತು, ಅವನ ಸ್ವಂತದ ಈ ಒಂದು ಮಾತು ಯಾವುದೆಂದು ಗೊತ್ತಾಗಲಿಲ್ಲ. ನರ್ಸ್ ಬಂದು ಹೊತ್ತಾಯಿತೆನ್ನುವವರೆಗೂ ಒಂದೊಂದೇ ಪದ ಹೇಳಿ ನೋಡುತ್ತ ಕೂತಳು. ಅವನು ಪ್ರತಿಯೊಂದಕ್ಕೂ ಅಲ್ಲವೆಂದು ತಲೆಯಾಡಿಸಿದ.