ಹೊಲಿಗೆ ಅಕ್ಕೋರ ಆಟ

ಅಕ್ಕೋರ ಬಲಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಸುಟ್ಟ ಚರ್ಮ ಬಿಗಿದು ಬೆರಳೆಲ್ಲ ಅಂಗೈ ಕಡೆ ಬಾಗಿದ್ದವು. ಆ ಕೈಯಲ್ಲೇ ಕತ್ತರಿ ಹಿಡಿಯುತ್ತಿದ್ದರು. "ಕೈಗೆ ಏನಾತ್ರಿ?" ಎಂದರೆ, "ಸ್ಟೋ ಸಿಡೀತವಾ" ಎನ್ನುತ್ತಿದ್ದರು. ಮತ್ತೆ ಬಟ್ಟೆ ಕತ್ತರಿಸತೊಡಗುತ್ತಿದ್ದರು.

ಎಪ್ಪತ್ತನೇ ಇಸವಿ ಸುಮಾರಿಗೆ ದಾಂಡೇಲಿಯ ನಮ್ಮ ಓಣಿಯಲ್ಲಿ ಅವರು ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಗಂಡನನ್ನು ಬಿಟ್ಟು ಬಂದವರು. ಕಲಿಯಲು ಹೋಗುತ್ತಿದ್ದವರು ನಾವು ಐದಾರು ಹುಡುಗಿಯರು. ನಾನು ಸಾಲಿ ಅರ್ಧಕ್ಕೆ ಬಿಟ್ಟವಳು. ಹೊಲಿಗೆಯೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ಆಟ ಒಂದೇ.

ಮಧ್ಯಾಹ್ನ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಅಕ್ಕೋರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುಣ್ಣದ ಬಿಲ್ಲೆಯಿಂದ ಚೌಕಾಬಾರದ ಮನೆ ಗೀಚುತ್ತಿದ್ದರು. ಕಾಯಿ ಬದಲು ಅಂಗಿಯ ಗುಂಡಿ. ಒಂದೊಂದು ಗುಂಡಿ ಒಬ್ಬೊಬ್ಬ ಮನುಷ್ಯ: ಪೋಲೀಸ, ಅತ್ತೆ, ಫಾರೆಸ್ಟ್ ಗಾರ್ಡ್. ಕವಡೆ ಎಸೆದು ಗುಂಡಿ ನಡೆಸಬೇಕು, ಎದುರಾದವರ ಜೊತೆ ಆ ಮನುಷ್ಯನಾಗಿಯೇ ಮಾತಾಡಬೇಕು. ಬಾಯಿ ಕಟ್ಟಿದರೆ ಗುಂಡಿ ವಾಪಸು ಪೆಟ್ಟಿಗೆಗೆ.

"ನೀ ಯಾರಿಗೆ ಅಂಜತಿ, ಅವರಾಗಿ ಕೂಡು" ಎನ್ನುತ್ತಿದ್ದರು ಅಕ್ಕೋರು. "ಅವರ ಹೊಟ್ಟ್ಯಾಗ ಏನೈತಿ ನೋಡ್ಕೊಂಡ ಬಾ."

ನಾನು ಮೇಸ್ತ್ರಿಯಾದೆ. ಜೋಯಿಡಾ ಅಡವಿಯಲ್ಲಿ ಬಿದಿರು ಕಡಿಯುವ ಕೆಲಸವನ್ನು ನನ್ನಪ್ಪನಿಗೆ ಕೊಡುತ್ತಿದ್ದವನು ಅವನೇ. ಅವನ ಹಾಗೆ ಒದರಿದೆ, ಕೆಟ್ಟ ಮಾತಾಡಿದೆ. ಎದುರಿಗಿದ್ದ ಗೆಳತಿ ಇಷ್ಟೇ ಅಂದಳು: "ಇದನ್ನ ನಳದ ಕಟ್ಟಿ ಮುಂದ ನಿಂತು ಗಟ್ಟಿಯಾಗಿ ಹೇಳ್ರಿ ನೋಡೂಣು, ಮೇಸ್ತ್ರೇರ."

ನನ್ನ ಬಾಯಿ ಕಟ್ಟಿತು.

"ಮೇಸ್ತ್ರಿ ಸತ್ತ!" ಎಂದು ಹುಡುಗಿಯರು ಚಪ್ಪಾಳೆ ಹೊಡೆದರು.

"ತಿಳೀತಲ್ಲ?" ಅಂದರು ಅಕ್ಕೋರು. "ನಾಕ ಮಂದಿ ಮುಂದ ಕೇಳಿದ್ರ ಅವನೂ ಅಂಜತಾನ."

ಒಂದು ದಿನ ನಾವು ಅವರನ್ನೇ ಹಿಡಿದೆವು. "ಇವತ್ತ ನೀವೂ ಕೂಡ್ರಿ ಅಕ್ಕೋರ." ಅವರು ಒಂದು ಕರೀ ಗುಂಡಿ ಆರಿಸಿ ಇಟ್ಟರು.

"ಯಾರ್ರಿ ಇವ?"

"ನನ್ನ ಗಂಡ."

ನಾನು ಕೇಳಿದೆ: "ಹೆಂಡ್ತಿ ಕೈಗೆ ಏನ ಮಾಡಿದ್ರಿ?"

ಅಕ್ಕೋರ ತುಟಿ ಆಡಿದವು, ಧ್ವನಿ ಬರಲಿಲ್ಲ. ಆ ಗುಂಡಿಯನ್ನು ತಾವೇ ಎತ್ತಿ ಪೆಟ್ಟಿಗೆಗೆ ಹಾಕಿದರು. ಮತ್ತೆ ಅವರು ಆಟಕ್ಕೆ ಕೂಡಲಿಲ್ಲ.

ಆ ವರ್ಷವೇ ಮೇಸ್ತ್ರಿ ಅಪ್ಪನಿಗೆ ಹೇಳಿದ, "ಅಡವಿ ಕ್ಯಾಂಪಿನ್ಯಾಗ ಅಡಗಿ ಮಾಡಾಕ ನಿನ್ನ ಮಗಳನ್ನ ಕಳಸು." ಕಳಿಸಿದರೆ ಏನಾಗುತ್ತದೆಂದು ಓಣಿಗೆಲ್ಲ ಗೊತ್ತಿತ್ತು. ಅಪ್ಪ ತಲೆ ತಗ್ಗಿಸಿದ. ಮರುದಿನ ಮೇಸ್ತ್ರಿ ನಳದ ಹತ್ತಿರ ಬಂದಾಗ ನಾನು ಕೊಡ ಕೆಳಗಿಟ್ಟು ಕೇಳಿದೆ, "ಕ್ಯಾಂಪಿಗೆ ನಿಮ್ಮ ಮಗಳೂ ಬರ್ತಾಳೇನ್ರಿ ಮೇಸ್ತ್ರೇರ?"

ಹೆಂಗಸರೆಲ್ಲ ಅವನ ಮುಖ ನೋಡಿದರು. ಅವನು ಏನೋ ಗೊಣಗಿ ಸೈಕಲ್ ಹತ್ತಿದ. ಅಪ್ಪನಿಗೆ ಆ ಸುಗ್ಗಿಯವರೆಗೂ ಕೆಲಸ ಸಿಗಲಿಲ್ಲ. ಮನೆಯಲ್ಲಿ ಗಂಜಿಗೂ ಕಷ್ಟವಾಯಿತು, ಅಪ್ಪ ನನ್ನನ್ನು ಹೊಡೆದ. ಆದರೆ ನಾನು ಅಡವಿಗೆ ಹೋಗಲಿಲ್ಲ.

ಮುಂದೆ ಅಕ್ಕೋರನ್ನು ವಾಪಸು ಕರೆದೊಯ್ಯಲು ಅವರ ಗಂಡ ಹಿರಿಯರನ್ನು ಕರೆದುಕೊಂಡು ಬಂದ. ಈಗ ಕುಡಿಯುವುದು ಬಿಟ್ಟಿದ್ದಾನೆ ಎಂದು ಹಿರಿಯರು ಅಂದರು.

"ಹೋಗಬ್ಯಾಡ್ರಿ" ಎಂದೆ.

"ನಿಮಗ ಕಲಸಿದೆ, ನನಗ ಬರಲಿಲ್ಲವಾ" ಅಂದರು. ಮುಂಡಗೋಡ ಕಡೆಯ ಇಂದೂರಿಗೆ, ಗಂಡನ ಮನೆಗೆ ಹೋದರು.

ನನ್ನ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದ ತುಂಬ ಜನ. ಗಂಡ ಕಂಬಕ್ಕೆ ಒರಗಿ ಕುಳಿತಿದ್ದ.

"ಹೆಂಗಾತ್ರಿ?" ಎಂದು ಎದುರಿಗೆ ಕುಳಿತು ಕೇಳಿದೆ.

"ಸ್ಟೋ ಸಿಡೀತು."

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದೆ, "ಸಿಡಿದ ಸ್ಟೋ ಎಲ್ಲೈತ್ರಿ? ತೋರಸ್ರಿ."

ಅವನ ತುಟಿ ಆಡಿದವು, ಧ್ವನಿ ಬರಲಿಲ್ಲ. ಆಗಲೇ ಅಡುಗೆಮನೆಯಿಂದ ಸ್ಟೋ ಪಂಪು ಹೊಡೆಯುವ ಸಪ್ಪಳ ಕೇಳಿತು. ಬಂದವರಿಗೆ ಯಾರೋ ಚಹಾ ಕಾಸುತ್ತಿದ್ದರು. ಆ ಮನೆಯಲ್ಲಿದ್ದದ್ದು ಅದೊಂದೇ ಸ್ಟೋ ಎಂದು ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಪೋಲೀಸರು ಆಮೇಲೆ ಬಂದರು, ಹೋದರು. ಅವನಿಗೆ ಏನೂ ಆಗಲಿಲ್ಲ. ಆದರೆ ಆ ದಿನ ಚಹಾ ಬಂದಾಗ ನಾನು ಮುಟ್ಟಲಿಲ್ಲ. ಪಕ್ಕದ ಮುದುಕಿಯೊಬ್ಬಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆಮೇಲೆ ಇನ್ನೊಬ್ಬಳು. ಅಂಗಳದಲ್ಲಿ ಯಾರೂ ಕುಡಿಯಲಿಲ್ಲ. ಅಕ್ಕೋರ ಋಣಕ್ಕೆ ನನ್ನಿಂದ ಆದದ್ದು ಅಷ್ಟೇ.