ನಮ್ಮ ಬೂತಿನ ಆ ಒಂದು ವೋಟು

ಲೋಕಸಭೆಗೆ ನಿಲ್ಲುವುದು ಏನೇನೂ ಕಷ್ಟವಿಲ್ಲ. ದೊಡ್ಡ ಪಾರ್ಟಿಯವರಿಗೆ ಒಬ್ಬ ಸೂಚಕ ಸಹಿ ಹಾಕಿದರೆ ಸಾಕು, ಹಿಂದೆ ಮುಂದೆ ಯಾರೂ ಇಲ್ಲದ ಇಂಡಿಪೆಂಡೆಂಟ್‌ಗೆ ಹತ್ತು ಜನ ಬೇಕು. ಬಡವನ ಮದುವೆಗೇ ಸಾಕ್ಷಿ ಜಾಸ್ತಿ ಕೇಳುವುದು. ನಮ್ಮ ಅರಸೀಕೆರೆಯ ಪಾಸ್ಟರ್ ನಿಂತ ಮೊದಲ ಮೂರು ಸಲವೂ ಆ ಹತ್ತರಲ್ಲಿ ನಾನೂ ಒಬ್ಬಳು. ಮತದಾರರ ಪಟ್ಟಿ ನೋಡಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು, ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಸಹಿ ಮಾಡಿದ್ದೇನೆ. ವೋಟು ಮಾತ್ರ ಒಂದು ಸಲವೂ ಹಾಕಿರಲಿಲ್ಲ.

ನಾನು ಅವರ ಸಭೆಯವಳಲ್ಲ. ಕೊಬ್ಬರಿ ಮಂಡಿಯವರ ಮನೆ ಸೊಸೆ, ಹಣೆಗೆ ವಿಭೂತಿ ಇಟ್ಟುಕೊಳ್ಳದೆ ಕಾಫಿ ಮುಟ್ಟದವಳು. ಆದರೆ ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರ್‌ಗಳು ಇಂಗ್ಲಿಷ್, ಎಂಬ್ರಾಯ್ಡರಿ, ಪಿಯಾನೊ ಮೂರನ್ನೂ ಶ್ರದ್ಧೆಯಿಂದ ಕಲಿಸಿ, ಮೂರರಲ್ಲಿ ಒಂದೂ ಬೇಕಾಗದ ಮನೆಗೆ ಕಳಿಸಿಕೊಟ್ಟರು. ಹಿಂದಿನ ಬೀದಿಯ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿ ಮದುವೆಯಾಗಿ ಹೋದಾಗ ಪಾಸ್ಟರ್ ಬಂದು, "ಮೇಡಂ, ಒಂದೇ ಒಂದು ಸಂಡೇ" ಅಂದರು. ಆ ಒಂದು ಸಂಡೇ ಇಪ್ಪತ್ತು ವರ್ಷವಾದರೂ ಮುಗಿದಿಲ್ಲ.

"ಹಣೇಲಿ ವಿಭೂತಿ, ಬೆರಳಲ್ಲಿ ಸ್ತೋತ್ರ. ನಿಂಗೆ ಯಾವ ದೇವ್ರು ಬಾಗ್ಲು ತೆಗೀತಾನೋ ನೋಡಾಣ ಕಣಕ್ಕ" ಅನ್ನುತ್ತಾಳೆ ನನ್ನ ವಾರಗಿತ್ತಿ.

"ಇಬ್ರೂ ತೆಗೀದಿದ್ರೆ ಹೊರಗಡೆ ಕೂತ್ಕೊಂಡು ಪಿಯಾನೊ ಬಾರಿಸ್ತೀನಿ ಬಿಡೇ" ಅಂತ ನಾನು.

ಪಾಸ್ಟರ್ ಎಲೆಕ್ಷನ್‌ಗೆ ನಿಂತದ್ದು ಅವರ ಸಭೆಯ ಸಮಾಧಿ ಸ್ಥಳಕ್ಕೆ ಹೋಗುವ ದಾರಿಗಾಗಿ. ಮಳೆಗಾಲದಲ್ಲಿ ಪೆಟ್ಟಿಗೆ ಹೊತ್ತವರು ಮೊಣಕಾಲುದ್ದ ಕೆಸರಿನಲ್ಲಿ ಹೋಗಬೇಕು. ಅರ್ಜಿ ಹಿಡಿದು ಆಗಿನ ಎಂ.ಪಿ. ಮನೆಗೆ ಮೂರು ಸಲ ಹೋದರು. ಮೂರು ಸಲವೂ ಒಳ್ಳೆಯ ಕಾಫಿ ಕೊಟ್ಟು ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ನಗರಸಭೆಯ ಮೆಂಬರನ್ನು ಹಿಡಿದು ನಾಲ್ಕು ಲೋಡು ಜಲ್ಲಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಪಾಸ್ಟರ್‌ಗೆ ಆ ಜಲ್ಲಿ ಪಾರ್ಲಿಮೆಂಟಿನಿಂದಲೇ ಬರಬೇಕಿತ್ತು.

ಮೊದಲ ಸಲ ಸಿಕ್ಕಿದ ಗುರುತು ಇಸ್ತ್ರಿಪೆಟ್ಟಿಗೆ. 'ಸುಕ್ಕಿಲ್ಲದ ಆಡಳಿತ' ಎಂದು ಕರಪತ್ರ ಹಾಕಿಸಿದರು. ಸ್ಕೂಟರಿಗೆ ಮೈಕು ಕಟ್ಟಿಕೊಂಡು ಬೇಲೂರು, ಹಳೇಬೀಡು, ಅರೇಹಳ್ಳಿಯವರೆಗೂ ಸುತ್ತಿದರು. ಹಳೇಬೀಡಿನ ದೇವಸ್ಥಾನದ ಮುಂದೆ ಅವರ ಭಾಷಣವನ್ನು ಬಹಳ ಆಸಕ್ತಿಯಿಂದ ಕೇಳಿ, ಫೋಟೋ ತೆಗೆದುಕೊಂಡು, ಚಪ್ಪಾಳೆ ತಟ್ಟಿದವರೆಲ್ಲ ಗುಜರಾತಿನಿಂದ ಬಂದ ಟೂರಿಸ್ಟರು. ಮಾದಿಹಳ್ಳಿಯಲ್ಲಿ ಬೆಳಿಗ್ಗೆ ಡೈರಿಯ ಮುಂದೆ ನಿಲ್ಲುವ ಉಪಾಯವನ್ನು ಪಾಸ್ಟರೇ ಕಂಡುಕೊಂಡರು. ಹಾಲು ಹಾಕಲು ಕ್ಯೂನಲ್ಲಿ ನಿಂತವರು ಕ್ಯಾನು ಬಿಟ್ಟು ಓಡುವ ಹಾಗಿಲ್ಲವಲ್ಲ. ಅಲ್ಲಿ ನಡೆದದ್ದನ್ನು ಅವರೇ ನಗುತ್ತ ಹೇಳಿದ್ದು:

"ಏನ್ಲಾ, ಇವ್ರೇನಾ ಇಸ್ತ್ರಿಪೆಟ್ಗೆ ಸ್ವಾಮಿ?"

"ಹೂಂ ಕಣ್ಲಾ. ಇಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಎಂಟು ದಿನ ಆಗೈತೆ. ಇಸ್ತ್ರಿಪೆಟ್ಗೆ ಇಟ್ಕಂಡು ಏನ್ ಪೂಜೆ ಮಾಡಾನಾ?"

ಎರಡನೇ ಸಲ ಕಲ್ಲಂಗಡಿ ಬಂತು. ಅದರ ಬಗ್ಗೆ ಹೇಳದಿರುವುದೇ ಮರ್ಯಾದೆ. ಮೂರನೇ ಸಲ ಸಿಸಿಟಿವಿ ಕ್ಯಾಮೆರಾ. ಆಗ ಪಾಸ್ಟರ್‌ಗೆ ಸ್ವರ್ಗವೇ ಕೈಗೆ ಬಂದ ಹಾಗಾಯಿತು. ಮೇಲಿಂದ ಒಬ್ಬ ನೋಡುತ್ತಿದ್ದಾನೆ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವರಿಗೆ ಚುನಾವಣಾ ಆಯೋಗವೇ ಚಿತ್ರ ಒದಗಿಸಿಕೊಟ್ಟಿತ್ತು. ಫಲಿತಾಂಶದಲ್ಲಿ ನೋಟಾ ಅವರಿಗಿಂತ ಬಹಳ ಮುಂದಿತ್ತು. 'ಯಾರೂ ಬೇಡ' ಅನ್ನುವುದು ಭಾಷಣ ಮಾಡುವುದಿಲ್ಲ, ಅದೇ ಅದರ ಬಲ.

ಸೋತವರು ಮನೆಗೆ ಹೋಗಿ ಮಲಗಬೇಕು. ಪಾಸ್ಟರ್ ಹಾಗಲ್ಲ. ಪ್ರತಿ ಸಲವೂ ಬೂತುವಾರು ಪಟ್ಟಿ ತರಿಸುತ್ತಿದ್ದರು. ಚರ್ಚಿನ ಪಕ್ಕದ ಸರ್ಕಾರಿ ಶಾಲೆಯೇ ನಮ್ಮ ಬೂತು. ಸಹಿ ಹಾಕಿದವರಲ್ಲಿ ಆರು ಜನ, ಪಾಸ್ಟರ್, ಅವರ ಹೆಂಡತಿ ಪಾಸ್ಟರಮ್ಮ, ಒಟ್ಟು ಎಂಟು ಜನರ ವೋಟು ಅಲ್ಲಿ. ಮೊದಲ ಸಲ ಆ ಬೂತಿನಲ್ಲಿ ಬಂದದ್ದು ನಾಲ್ಕು. ಆ ಭಾನುವಾರ ಪಾಸ್ಟರ್ ಹೇಳಿದ ಪ್ರಸಂಗ ನಂಬಿಕೆದ್ರೋಹದ ಮೇಲಿತ್ತು. ನಾನು ಕೀಬೋರ್ಡಿನ ಕರಿ ಮನೆಗಳನ್ನು ಎಣಿಸುತ್ತ ಕೂತಿದ್ದೆ. ಸದ್ಯ, ಕಳ್ಳಿ ನಾನೊಬ್ಬಳೇ ಅಲ್ಲ ಎಂಬ ಸಮಾಧಾನವೂ ಇತ್ತು ಅನ್ನಿ. ನಮ್ಮ ಮನೆಯಲ್ಲಿ ಯಾವ ಬಟನ್ ಎಂದು ನಮ್ಮವರು ಬೆಳಗಿನ ಕಾಫಿಯ ಜೊತೆ ಹೇಳುತ್ತಿದ್ದರು. ಅವರು ತೀರಿಹೋದ ಮೇಲೂ ನನ್ನ ಬೆರಳು ಅಲ್ಲಿಗೇ ಹೋಗುತ್ತಿತ್ತು. ಫೋರ್ಸ್ ಆಫ್ ಹ್ಯಾಬಿಟ್.

ಎರಡನೇ ಸಲ ಎರಡು. ಮೂರನೇ ಸಲ ಒಂದು.

ಆ ಒಂದು ಪಾಸ್ಟರದ್ದೇ ಎಂದು ಇಡೀ ಸಭೆ ತೀರ್ಮಾನಿಸಿತು. ಯಾಕೆಂದರೆ ಮತದಾನದ ಹಿಂದಿನ ದಿನ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರೆದುರು, ಪಾಸ್ಟರಮ್ಮ ಸಿಟ್ಟಿನಲ್ಲಿ, "ಮನೇಲಿ ಸೂರು ಸೋರ್ತೈತೆ, ಇವರಿಗೆ ಡೆಲ್ಲಿ ಬೇಕಂತೆ. ನಾನಂತೂ ಹಾಕಲ್ಲ ಕಣ್ರೀ!" ಅಂದಿದ್ದರು. ಇನ್ನೇನು ಬೇಕು? "ಕಟ್ಕೊಂಡೋಳೇ ಹಾಕ್ಲಿಲ್ವಂತೆ" ಎಂದು ವೋಟು ಹಾಕದ ಹೆಂಗಸರೆಲ್ಲ ಪಾಸ್ಟರಮ್ಮನನ್ನು ಕಂಡು ಲೊಚಗುಟ್ಟಿದರು. ಸ್ವಂತ ಪಾಪ ಬೇರೆಯವರ ತಲೆಯ ಮೇಲೆ ಎಷ್ಟು ಚೆನ್ನಾಗಿ ಕೂರುತ್ತದೆ!

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೀಬೋರ್ಡಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆ ಒಂದು ವೋಟು ಯಾರದ್ದು ಅಂತ ನನಗೆ ಗೊತ್ತು ಮೇಡಂ. ದೇವರು ನಿಮ್ಮನ್ನ ಆಶೀರ್ವದಿಸಲಿ."

ನಾನು ಸ್ವಿಚ್ ಹುಡುಕುವ ನೆಪದಲ್ಲಿ ಬಗ್ಗಿದೆ. ಬಗ್ಗಿದಲ್ಲೇ ಹೊಳೆಯಿತು: ಅಂದರೆ ಅದು ಅವರದ್ದಲ್ಲ! ಈ ಮಹಾನುಭಾವರು ತಮಗೆ ತಾವೇ ವೋಟು ಹಾಕಿಕೊಂಡಿಲ್ಲ!

ನನಗೆ ನಗು ಬರಲಿಲ್ಲ. ಕಾನ್ವೆಂಟಿನಲ್ಲಿ ಹೆಡ್ ಗರ್ಲ್ ಎಲೆಕ್ಷನ್‌ಗೆ ನಾನು ನಿಂತಿದ್ದೆ. "ಗುಡ್ ಗರ್ಲ್ಸ್ ತಮಗೆ ತಾವು ವೋಟ್ ಮಾಡಲ್ಲ" ಎಂದು ಮದರ್ ಹೇಳಿದ್ದಕ್ಕೆ ನಾನು ಎದುರಾಳಿಯ ಹೆಸರು ಬರೆದು ಚೀಟಿ ಮಡಚಿ ಹಾಕಿದೆ. ಒಂದು ವೋಟಿನಿಂದ ಸೋತೆ. ಅವಳು ತನ್ನ ಹೆಸರನ್ನೇ ಬರೆದುಕೊಂಡಿದ್ದಳಂತೆ. ಅರವತ್ತು ವರ್ಷದ ಹಿಂದಿನ ಮಾತು. ಮತ್ತೆ ನನ್ನನ್ನು ಯಾರೂ ಯಾವುದಕ್ಕೂ ನಿಲ್ಲಿಸಲಿಲ್ಲ, ನಾನೂ ನಿಲ್ಲಲಿಲ್ಲ.

ಐದು ವರ್ಷ ನಾನು ಆ ವೋಟಿನ ಬಡ್ಡಿ ತಿಂದೆ. ಕ್ರಿಸ್‌ಮಸ್ ಕೇಕಿನ ಮೊದಲ ತುಂಡು ನನಗೆ. "ನಂಬಿಗಸ್ತ ಸಹೋದರಿ" ಎಂದು ಪ್ರಾರ್ಥನೆಯಲ್ಲಿ ಹೆಸರು. ಕೇಕು ಕೊಯ್ದು ತಟ್ಟೆಯಲ್ಲಿಟ್ಟು ತಂದುಕೊಡುತ್ತಿದ್ದವರು ಪಾಸ್ಟರಮ್ಮ.

ಈ ಸಲ ಚುನಾವಣೆ ಘೋಷಣೆಯಾದ ವಾರ ಅದೇ ಪಾಸ್ಟರಮ್ಮ ಖಾಲಿ ಕೈಯಲ್ಲಿ ನಮ್ಮ ಮನೆಗೆ ಬಂದರು. ಕೂರಲಿಲ್ಲ.

"ಇವರು ಮತ್ತೆ ನಿಂತವ್ರಂತೆ ಅಮ್ಮಾ. ನಂಗೆ ಹೇಳಿಲ್ಲ. ಕರಪತ್ರ ನೋಡಿ ಗೊತ್ತಾಯ್ತು. ಐದು ವರ್ಷದಿಂದ ಹಿಂಗೇ, ಸಾರಿಗೆ ಉಪ್ಪು ಸಾಕಾ ಅಂದ್ರೆ 'ಹೂಂ', ಅಷ್ಟೇ." ಸೆರಗಿನ ತುದಿ ಸುತ್ತುತ್ತ, "ಆ ಒಂದು ವೋಟು ನಂದು ಅಮ್ಮಾ" ಅಂದರು.

"ಹೇಳಬಾರದಿತ್ತೇನಮ್ಮಾ?"

"ಹೇಳ್ದೆ. ನಂಬಲಿಲ್ಲ. 'ಅದು ಮೇಡಂದು' ಅಂದ್ಬಿಟ್ರು. ನೀವು ಹೇಳಿದ್ರೆ ನಂಬ್ತಾರೆ. ಗೆಲ್ಲೋದು ಬೇಡ ಅಮ್ಮಾ, ನಾನು ಹಾಕಿದ್ದೆ ಅಂತ ಒಂದ್ಸಲ ಗೊತ್ತಾದ್ರೆ ಸಾಕು."

ಎರಡು ದಿನ ಬಿಟ್ಟು ಪಾಸ್ಟರ್ ಬಂದರು. ಫಾರಂನಲ್ಲಿ ಒಂಬತ್ತು ಸಹಿ ಆಗಿತ್ತು. "ಮೊದಲ ಸಾಲು ನಿಮಗೆ ಅಂತ ಖಾಲಿ ಬಿಟ್ಟಿದ್ದೀನಿ ಮೇಡಂ" ಎಂದು ಪೆನ್ನಿನ ಟೋಪಿ ತೆಗೆದು ಕೊಟ್ಟರು. ಸುಮ್ಮನೆ ಗೀಚಿದ್ದರೆ ಕೇಕೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಪೆನ್ನನ್ನು ಫಾರಂ ಮೇಲಿಟ್ಟೆ.

"ಪಾಸ್ಟರ್, ಆ ಒಂದು ವೋಟು ನಂದಲ್ಲ. ಮೂರು ಸಲ ಸಹಿ ಹಾಕಿದ್ದೀನಿ, ಮೂರು ಸಲವೂ ವೋಟು ಹಾಕಿಲ್ಲ. ಅದು ನಿಮ್ಮ ಮನೆಯವರದ್ದು."

ಪಾಸ್ಟರ್ ಫಾರಂ ತಮ್ಮ ಕಡೆ ಎಳೆದುಕೊಂಡರು.

"ಅವಳು ಹಾಕಲ್ಲ ಅಂದಿದ್ಲು."

"ಅಂದದ್ದು ನಿಮಗೆ. ಒತ್ತಿದ್ದು ನಿಮ್ಮ ಬಟನ್ನು." ಹೇಗೂ ಮರ್ಯಾದೆ ಹೋಗಿತ್ತು, ಕೇಳಿಯೇಬಿಟ್ಟೆ: "ನೀವ್ಯಾಕೆ ನಿಮಗೆ ಹಾಕ್ಕೊಳ್ಳಲಿಲ್ಲ?"

"ಅದು ಹೇಗಾಗುತ್ತೆ ಮೇಡಂ? ಪಂಕ್ತೀಲಿ ಕೂತು ತನ್ನ ಎಲೆಗೆ ತಾನೇ ಬಡಿಸ್ಕೊಂಡ ಹಾಗೆ."

ಪೆನ್ನಿನ ಟೋಪಿ ಹಾಕಿ, ಫಾರಂ ಮಡಚಿಕೊಂಡು, ನಮಸ್ಕಾರವನ್ನೂ ಮರೆತು ಹೊರಟರು. ಈ ಸಲಕ್ಕೆ ಲೋಕಸಭೆ ಬಚಾವಾಯಿತು ಅಂದುಕೊಂಡೆ. ಭಾನುವಾರ ಕೀಬೋರ್ಡ್ ಯಾರು ನುಡಿಸುತ್ತಾರೋ ಎಂಬ ಚಿಂತೆಯೂ ಹತ್ತಿತು.

ಮಾರನೇ ದಿನ ಸಂಜೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಹಿಂದೆ ಪಾಸ್ಟರಮ್ಮ, ಮಡಿಲಲ್ಲಿ ಮೈಕು. ನಾಮಪತ್ರ ಸಲ್ಲಿಸಿ ಹಾಗೇ ಬಂದಿದ್ದರು. ಮೊದಲ ಸಾಲಿನಲ್ಲಿ ಪಾಸ್ಟರಮ್ಮನ ಸಹಿ ಬಿದ್ದು ಹತ್ತು ಭರ್ತಿಯಾಗಿತ್ತಂತೆ. ನನ್ನನ್ನು ಕೈಬಿಟ್ಟದ್ದಕ್ಕೆ ಪಾಸ್ಟರ್ ಮೂರು ಸಲ ಸಾರಿ ಕೇಳಿದರು. ಐದು ವರ್ಷ ಮಾತಾಡದಿದ್ದವರು ನಮ್ಮ ಜಗಲಿಯಲ್ಲೇ ಜಗಳ ತೆಗೆದರು. ಬಸ್ತಿಹಳ್ಳಿಗೆ ಮೊದಲು ಹೋಗುವುದೋ ಹಳೇಬೀಡಿಗೋ ಎಂದು.

"ಮೊದ್ಲು ಸೂರು ರಿಪೇರಿ ಮಾಡ್ಸಿ, ಆಮೇಲೆ ದೇಶ" ಎಂದು ಪಾಸ್ಟರಮ್ಮ ಮೈಕನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು.

ಈ ಸಲದ ಗುರುತು ಕಾಫಿ ಕುಡಿಯುವ ಕಪ್ಪು-ಸಾಸರು. ಬೂತಿನಲ್ಲಿ ನನ್ನ ಬೆರಳು ಎಂದಿನ ಕಡೆಗೇ ಹೊರಟಿತು; ಎಡಗೈಯಿಂದ ಅದನ್ನು ಹಿಡಿದು ಕೆಳಗೆ ತರಬೇಕಾಯಿತು. ಗಾಜಿನ ಹಿಂದೆ ಪುಟ್ಟ ಚೀಟಿಯಲ್ಲಿ ಕಪ್ಪು-ಸಾಸರು ಮೂಡಿ, ನಿಂತು, ಬಿತ್ತು. ಸಹಿ ಹಾಕಿದಾಗೆಲ್ಲ ವೋಟು ಹಾಕದವಳು, ಸಹಿ ಹಾಕದ ಸಲ ವೋಟು ಹಾಕಿ ಹೊರಗೆ ಬಂದೆ.

ಸೋತರು. ನೋಟಾ ಎಂದಿನಂತೆ ಮುಂದೆ. ಸಮಾಧಿಯ ದಾರಿಯಲ್ಲಿ ಈಗಲೂ ಕೆಸರೇ. ಪಟ್ಟಿ ಬಂದ ದಿನ ಅದನ್ನು ಹಿಡಿದು ಓಡಿಬಂದವರು ಪಾಸ್ಟರಮ್ಮ. ನಮ್ಮ ಬೂತಿನಲ್ಲಿ ಎರಡು.

"ಒಂದು ನಂದು" ಅಂದರು.

"ಇನ್ನೊಂದು ನಂದು" ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪಾಸ್ಟರಮ್ಮ ಹಣೆ ಚಚ್ಚಿಕೊಂಡು, ನಗು ತಡೆಯಲಾರದೆ ಅಂದರು: "ಮುಂದಿನ್ ಸಲ ಮಾದಿಹಳ್ಳಿ ಕಡೆ ಆಮೇಲೆ ಹೋಗಾಣ ಅಮ್ಮಾ. ಮೊದ್ಲು ಇವ್ರಿಗೇ ಕೈ ಮುಗ್ದು ವೋಟು ಕೇಳಾಣ."